ಮೊಣಕಾಲಿನ ಮಣ್ಣು

ಫೆಬ್ರವರಿ 4

ಅಕ್ಕಾ,

ಫೋನಿನಲ್ಲಿ ಮಾತಾಡಿದರೆ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ಬೀಳುತ್ತೇವೆ, ನಾಲ್ಕನೇ ಮಾತಿಗೆ ನೀನು ಅಮ್ಮನ ಕೈಗೆ ಫೋನು ಕೊಟ್ಟು ಎದ್ದು ಹೋಗುತ್ತೀಯ. ಅದಕ್ಕೇ ಈ ಕಾಗದ. ಇದರಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ. ಅಂಚೆಯವರು ಒಂದು ವಾರ ತೆಗೆದುಕೊಂಡರೂ ಒಳ್ಳೆಯದೇ, ಅಷ್ಟರಲ್ಲಿ ನನ್ನ ಸಿಟ್ಟೂ ಇಳಿದಿರುತ್ತದೆ.

ನನ್ನ ಕೆಲಸ ಏನು ಅಂತ ಕೇಳಿದರೆ ಅಮ್ಮ ಅಕ್ಕಪಕ್ಕದವರಿಗೆ "ವಿಮಾನದಲ್ಲಿದ್ದಾನೆ" ಎಂದು ಹೇಳುತ್ತಾಳಂತೆ. ಹೇಳಲಿ ಬಿಡು, ಸುಳ್ಳಲ್ಲ. ವಿಮಾನದ ಹೊಟ್ಟೆಯಲ್ಲಿ ನಾನೇ ಇರುವುದು. ಬ್ಯಾಗುಗಳು ಬೆಲ್ಟಿನ ಮೇಲೆ ಹತ್ತಿ ಬರುತ್ತವೆ, ಒಬ್ಬ ಒಳಗೆ ಮಂಡಿಯೂರಿಕೊಂಡು ಅವನ್ನು ಗೋಡೆ ಕಟ್ಟಿದ ಹಾಗೆ ಜೋಡಿಸಬೇಕು. ಒಳಗೆ ನಿಲ್ಲಲು ಎತ್ತರ ಇಲ್ಲ. ಬೇಸಿಗೆಯಲ್ಲಿ ಬಾಣಲೆ, ಚಳಿಯಲ್ಲಿ ಐಸ್ ಪೆಟ್ಟಿಗೆ. ನಾವು ಅದಕ್ಕೆ ಹೊಟ್ಟೆ ಅಂತಲೇ ಅನ್ನುವುದು. ಒಂದೊಂದು ವಿಮಾನಕ್ಕೆ ಒಬ್ಬೊಬ್ಬರ ಸರದಿ.

ನಮ್ಮ ತಂಡದ ಹಿರಿಯರನ್ನು ಎಲ್ಲರೂ ಮಾವ ಅನ್ನುತ್ತಾರೆ. ಅವರು ಯಾರಿಗೂ ಹೆಣ್ಣು ಕೊಟ್ಟವರಲ್ಲ, ಆದರೂ ಎಲ್ಲರಿಗೂ ಮಾವ. ನನಗೆ ಬ್ಯಾಗು ಎತ್ತುವುದನ್ನು ಕಲಿಸಿದ್ದು ಅವರೇ. "ಸೊಂಟದಿಂದ ಎತ್ತಬೇಡ್ವೋ, ಸೊಂಟ ನಿಂದು, ಬ್ಯಾಗು ಯಾರದ್ದೋ" ಅನ್ನುತ್ತಿದ್ದರು.

ಈಗ ವಿಷಯಕ್ಕೆ ಬರುತ್ತೇನೆ. ನಾವು ಯೂನಿಯನ್ ಮಾಡುತ್ತಿದ್ದೇವೆ. ಟ್ರಾಲಿಗಳನ್ನು ಎಳೆಯುವ ಟ್ರ್ಯಾಕ್ಟರ್ ಓಡಿಸುವವಳೊಬ್ಬಳು ಇದ್ದಾಳೆ, ಹಾರ್ನ್ ಅಂತ ಅಡ್ಡಹೆಸರು. ಗಾಡಿಯ ಹಾರ್ನೂ ನಿಲ್ಲುವುದಿಲ್ಲ, ಅವಳ ಬಾಯೂ ನಿಲ್ಲುವುದಿಲ್ಲ. ಅವಳೇ ಮುಂದೆ ನಿಂತಿದ್ದಾಳೆ. ಮುಖ್ಯವಾಗಿ ಒಂದೇ ಕೇಳುತ್ತಿದ್ದೇವೆ: ಕೆಲಸ ಮಾಡಿ ಮಾಡಿ ಮೈ ಸೋತವನಿಗೆ ಹಗುರದ ಕೆಲಸ ಕೊಡಬೇಕು, ಮನೆಗೆ ಕಳಿಸಬಾರದು. ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ.

ನಿನ್ನ ತಮ್ಮ


ಫೆಬ್ರವರಿ 13

ಕಡ್ಡಿ,

ಪೂರ್ತಿ ಓದಿದೆ. ಈಗ ಬೈಯುತ್ತೇನೆ.

ಅಪ್ಪ ಬಸ್ ಡಿಪೋದಲ್ಲಿ ಮುಷ್ಕರಕ್ಕೆ ಕೂತಾಗ ನೀನು ಇನ್ನೂ ತೊಟ್ಟಿಲಲ್ಲಿದ್ದೆ. ನಿನಗೆ ಗೊತ್ತಿರುವುದು ಅಪ್ಪ ಭಾಷಣ ಮಾಡಿದ ಕಥೆ ಮಾತ್ರ. ನನಗೆ ಗೊತ್ತಿರುವುದು ಆಮೇಲಿನದ್ದು. ಮುಖಂಡ ಒಳಗೆ ಹೋಗಿ ಕೈ ಕುಲುಕಿ ಬಂದ, ಅವನಿಗೆ ಕಚೇರಿಯಲ್ಲಿ ಕುರ್ಚಿ ಸಿಕ್ಕಿತು, ಅಪ್ಪನನ್ನು ಗೇಟಿನೊಳಗೆ ಬಿಡಲಿಲ್ಲ. ಅಪ್ಪ ದಿನಾ ಬೆಳಿಗ್ಗೆ ಖಾಕಿ ಶರ್ಟು ಹಾಕಿಕೊಂಡು ಹೊಸ್ತಿಲ ಮೇಲೆ ಕೂರುತ್ತಿದ್ದರು. ಶರ್ಟು ಹರಿಯುವವರೆಗೂ ಕೂತರು. ಅಮ್ಮ ಆ ಶರ್ಟನ್ನು ಒಗೆದು ಒಣಗಿಸುವಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಓದೋದು ಶಾಸ್ತ್ರ, ಇಕ್ಕೋದು ಗಾಳ. ಅಂಥ ಜನ ಅವರು. ನಿನ್ನ ಹಾರ್ನ್ ಒಳ್ಳೆಯವಳೇ ಇರಬಹುದು. ಆ ಮುಖಂಡನೂ ಒಳ್ಳೆಯವನೇ ಇದ್ದ, ನಮ್ಮ ಮನೆಗೆ ಬಂದಾಗಲೆಲ್ಲ ನನ್ನನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದ. ಮೇಲಿನವರ ಜೊತೆ ನೇರವಾಗಿ ಮಾತಾಡುವ ದಾರಿ ಇರುವಾಗ ನಡುವೆ ಇನ್ನೊಬ್ಬನನ್ನು ಯಾಕೆ ಕೂರಿಸುತ್ತೀರಿ? ನಿನ್ನ ಮಾವನಿಗೆ ಹೇಳು, ಮ್ಯಾನೇಜರ್ ಹತ್ತಿರ ಹೋಗಿ ತಮ್ಮ ಕಷ್ಟ ಹೇಳಿಕೊಳ್ಳಲಿ. ಅವರೂ ಮನುಷ್ಯರೇ.

ಅಮ್ಮನಿಗೆ ಏನೂ ಹೇಳಿಲ್ಲ. ನೀನೂ ಹೇಳಬೇಡ.

ಅಕ್ಕ


ಫೆಬ್ರವರಿ 22

ಅಕ್ಕಾ,

ಮ್ಯಾನೇಜರ್ ಹತ್ತಿರ ಹೋಗಿ ಹೇಳಿಕೊಳ್ಳಬೇಕಂತೆ. ಇದನ್ನು ಮಾವನಿಗೆ ಓದಿ ಹೇಳಿದೆ. "ನಿಮ್ಮಕ್ಕ ಬಂಗಾರದಂಥವಳು, ಆದ್ರೆ ಮ್ಯಾನೇಜರ್‌ನ ನೋಡಿಲ್ಲ" ಅಂದರು.

ಹೋದ ವರ್ಷ ಒಬ್ಬ ಭುಜ ಹೋಗಿದೆ ಅಂತ ಹೇಳಿಕೊಂಡ. ಮ್ಯಾನೇಜರ್ ಕುರ್ಚಿ ಕೊಟ್ಟ, ಟೀ ತರಿಸಿದ, ಎಲ್ಲ ಬರೆದುಕೊಂಡ. ತಿಂಗಳು ತುಂಬುವ ಮೊದಲೇ "ಆರೋಗ್ಯದ ಹಿತದೃಷ್ಟಿಯಿಂದ" ಅಂತ ಅವನನ್ನು ಮನೆಗೆ ಕಳಿಸಿದರು. ಅದಾದ ಮೇಲೆ ನಮ್ಮಲ್ಲಿ ಯಾರಿಗೂ ಎಲ್ಲೂ ನೋಯುವುದಿಲ್ಲ.

ಕಂಪನಿಯಿಂದ ನೋಟಿಸ್ ಬಂತು, ಎಲ್ಲ ವಿಮಾನ ನಿಲ್ದಾಣಗಳಿಗೂ ಒಂದೇ. ಬಣ್ಣದ ಕಾಗದ, ನಗುವ ಜನರ ಫೋಟೊ. ಅದರಲ್ಲಿ ಒಬ್ಬನ ಕೈಯಲ್ಲೂ ಬ್ಯಾಗಿಲ್ಲ. "ಸಂಘವು ಚಂದಾ ಕೇಳುತ್ತದೆ, ಮುಷ್ಕರಕ್ಕೆ ಕರೆಯುತ್ತದೆ, ಭರವಸೆಗಳನ್ನು ಮಾತ್ರ ನೀಡುತ್ತದೆ. ನಮ್ಮ ಬಾಗಿಲು ಸದಾ ತೆರೆದಿದೆ." ಹಾರ್ನ್ ಇದನ್ನು ಮ್ಯಾನೇಜರ್ ಧ್ವನಿಯಲ್ಲಿ ಓದಿದಳು, ನಕ್ಕು ನಕ್ಕು ಸಾಕಾಯಿತು. ವಿಶ್ರಾಂತಿ ಕೋಣೆಯ ಮೇಜು ಅಲ್ಲಾಡುತ್ತಿತ್ತು, ಮಡಚಿ ಅದರ ಕಾಲಿನ ಕೆಳಗೆ ಇಟ್ಟೆವು. ಈಗ ಮೇಜು ಗಟ್ಟಿಯಾಗಿ ನಿಂತಿದೆ.

ಏಪ್ರಿಲ್ 20ಕ್ಕೆ ಓಟು. ಯೂನಿಯನ್ ಬೇಕೋ ಬೇಡವೋ ಅಂತ ಗುಟ್ಟಾಗಿ ಚೀಟಿ ಹಾಕಬೇಕು. ಗೆಲ್ಲುತ್ತೇವೆ ಅನ್ನಿಸುತ್ತಿದೆ.

ತಮ್ಮ


ಮಾರ್ಚ್ 2

ಪ್ರೀತಿಯ ಕಡ್ಡಿ,

ಹೋದ ಕಾಗದದಲ್ಲಿ ಸ್ವಲ್ಪ ಜಾಸ್ತಿಯೇ ಬೈದೆ. ಆಮೇಲೆ ಕೂತು ಯೋಚಿಸಿದೆ. ನೀನು ಆ ಕೆಲಸಕ್ಕೆ ಸೇರಿ ಇಷ್ಟು ವರ್ಷವಾಯಿತು, ಒಂದು ದಿನವೂ ನಿನ್ನ ಕೆಲಸ ಹೇಗಿರುತ್ತದೆ ಅಂತ ನಾನು ಕೇಳಿಲ್ಲ. ಬೇಜಾರಾಯಿತು.

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ತಂಡದಲ್ಲಿ ಒಬ್ಬರಿಗೊಬ್ಬರು ಹೇಗಿರುತ್ತೀರಿ? ಯಾರಿಗಾದರೂ ಮೈ ಸರಿ ಇಲ್ಲದಿದ್ದರೆ ಏನು ಮಾಡುತ್ತೀರಿ? ಮಾವ ಅಂದರೆ ನನಗೆ ಆಗಲೇ ಇಷ್ಟವಾಗಿದ್ದಾರೆ. ಅವರ ಬಗ್ಗೆ ಬರಿ. ದೊಡ್ಡ ವಿಷಯ ಬೇಡ, ಸಣ್ಣ ಸಣ್ಣದ್ದೇ ಬರಿ.

ನನ್ನ ಆಫೀಸಿನಲ್ಲಿ ಸೋಪು, ಬಿಸ್ಕತ್ತು, ಟೂತ್‌ಪೇಸ್ಟ್ ಜಾಹೀರಾತು ಬರೆದೂ ಬರೆದೂ ಬೇಸತ್ತಿದ್ದೆ. ಈಗ ಒಂದು ಹೊಸ ಕಂಪನಿಯ ಕೆಲಸ ಬಂದಿದೆ. ಜನರಿಗೆ ತಾಗುವ ಹಾಗೆ ಬರೆಯಬೇಕಂತೆ, ಹಿಂದೆ ಬರೆದವರದ್ದು ಒಣಕಲಾಗಿತ್ತಂತೆ. ನಮ್ಮ ಮುಖ್ಯಸ್ಥೆ ಅದನ್ನು ನನಗೇ ವಹಿಸಿದ್ದಾರೆ. ಅಮ್ಮ ಚೆನ್ನಾಗಿದ್ದಾಳೆ, ಕಣ್ಣಿನ ಆಪರೇಷನ್ ಆದ ಮೇಲೆ ನನ್ನ ತಲೆಯ ಬಿಳಿಕೂದಲು ಎಣಿಸುತ್ತಾಳೆ.

ನಿನ್ನ ಅಕ್ಕ


ಮಾರ್ಚ್ 10

ಅಕ್ಕಾ,

ಈ ಕಾಗದ ನಿನ್ನದೇನಾ ಅಂತ ಎರಡು ಸಲ ನೋಡಿದೆ. ನೀನು ನನ್ನ ಕೆಲಸದ ಬಗ್ಗೆ ಕೇಳಿದೆಯಲ್ಲ, ಅಷ್ಟು ಖುಷಿಯಾಯಿತು ಕಣೇ. ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು.

ಸರಿ, ಕೇಳು. ಇದು ನಮ್ಮ ತಂಡದವರಿಗೆ ಬಿಟ್ಟರೆ ಹಾರ್ನ್ ಒಬ್ಬಳಿಗೆ ಗೊತ್ತು. ಮಾವನ ಮೊಣಕಾಲು ಎರಡೂ ಹೋಗಿವೆ. ಅಷ್ಟು ವರ್ಷ ಹೊಟ್ಟೆಯಲ್ಲಿ ಮಂಡಿಯ ಮೇಲೆ ನಡೆದರೆ ಇನ್ನೇನಾಗುತ್ತದೆ? ಮಂಡಿ ಮಡಚಿದರೆ ಬಿಡಿಸಲು ಬರುವುದಿಲ್ಲ. ಇದು ಮೇಲಿನವರಿಗೆ ಗೊತ್ತಾದರೆ ಅವತ್ತೇ ಮನೆಗೆ. ನಿವೃತ್ತಿಗೆ ಇನ್ನೂ ಸಮಯ ಇದೆ, ಮನೆಯಲ್ಲಿ ಹೆಂಡತಿಗೆ ವಾರಕ್ಕೊಮ್ಮೆ ಆಸ್ಪತ್ರೆ. ಕೆಲಸ ಹೋದರೆ ಆಸ್ಪತ್ರೆಯೂ ಹೋಯಿತು, ಕಂಪನಿಯ ಕಾರ್ಡಿನಲ್ಲಿ ನಡೆಯುವುದು ಅದು.

ಅದಕ್ಕೇ ಅವರ ಸರದಿ ಬಂದಾಗ ನಮ್ಮಲ್ಲೊಬ್ಬ ಒಳಗೆ ಹೋಗುತ್ತಾನೆ, ಅವರು ಕೆಳಗೆ ಬೆಲ್ಟಿನ ಹತ್ತಿರ ನಿಲ್ಲುತ್ತಾರೆ. ಆದರೆ ಹೊಟ್ಟೆಗೆ ಹೋಗಿ ಬಂದವನ ಪ್ಯಾಂಟಿನ ಮೊಣಕಾಲು ಕರ್ರಗಾಗಿರುತ್ತದೆ, ಸೂಪರ್‌ವೈಸರ್ ನೋಡುವುದು ಅದನ್ನೇ. ಅದಕ್ಕೂ ದಾರಿ ಹುಡುಕಿದೆವು. ಒಳಗಿನಿಂದ ಬಂದವನು ಎರಡು ಕೈ ತುಂಬ ಮಣ್ಣು ಬಾಚಿಕೊಂಡು ಬಂದು ಮಾವನ ಮೊಣಕಾಲಿಗೆ ಬಳಿಯುತ್ತಾನೆ. ಮೊದಲ ದಿನ ಮಾವ ಕಾಲು ಎಳೆದುಕೊಂಡರು. "ಬೇಡ್ವೋ, ಮದುಮಗನಿಗೆ ಬಳಿದ ಹಾಗೆ ಬಳೀತಿದ್ದೀರಿ" ಅಂದರು. ಈಗ ತಾವೇ ಕಾಲು ಚಾಚುತ್ತಾರೆ, "ಎಡಗಡೆ ಕಮ್ಮಿ ಆಯ್ತು, ಇನ್ನೊಂಚೂರು ಹಚ್ಚು" ಅನ್ನುತ್ತಾರೆ. ಹಾರ್ನ್ ಟ್ರ್ಯಾಕ್ಟರನ್ನು ಅಡ್ಡ ನಿಲ್ಲಿಸುತ್ತಾಳೆ, ಆಚೆಯವರಿಗೆ ಕಾಣದ ಹಾಗೆ.

ಯೂನಿಯನ್ ಬಂದರೆ ಈ ಬಳಿಯುವ ಕೆಲಸ ಇರುವುದಿಲ್ಲ. ಮಾವ ಎಲ್ಲರೆದುರು ನೆಟ್ಟಗೆ ನಿಂತು ಹಗುರದ ಕೆಲಸ ಮಾಡಬಹುದು. ನಾವು ಕೇಳುತ್ತಿರುವುದು ಇಷ್ಟೇ.

ಇದನ್ನು ನಿನ್ನ ಹೊಟ್ಟೆಯಲ್ಲಿ ಹಾಕಿಕೋ. ಅಮ್ಮನಿಗೂ ಬೇಡ.

ನಿನ್ನ ಕಡ್ಡಿ


ಮಾರ್ಚ್ 17

ಕಡ್ಡಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಎಂಥ ಜನರ ನಡುವೆ ಇದ್ದೀಯೋ ನೀನು. ಹೆಮ್ಮೆಯಾಯಿತು.

ಆದರೆ ಒಂದು ಮಾತು, ಸಿಟ್ಟು ಮಾಡಿಕೊಳ್ಳಬೇಡ. ಇಷ್ಟೆಲ್ಲ ನೀವು ನೀವೇ ಮಾಡಿಕೊಂಡಿದ್ದೀರಿ. ಯಾರೂ ಹೇಳಿಕೊಟ್ಟಿಲ್ಲ, ಯಾರೂ ಚಂದಾ ಕೇಳಿಲ್ಲ. ಇದಕ್ಕಿಂತ ದೊಡ್ಡ ಸಂಘ ಯಾವುದಿದೆ? ನಾಳೆ ಎಲ್ಲ ನಿಯಮದ ಪ್ರಕಾರ ಅಂತಾದರೆ, ಮಾವನ ಸರದಿಯನ್ನು ಇನ್ನೊಬ್ಬ ಮಾಡಲು ಆ ನಿಯಮವೇ ಅಡ್ಡ ಬಂದೀತು. ಯೋಚಿಸು.

ಇಲ್ಲಿ ಕೆಲಸ ಚೆನ್ನಾಗಿ ನಡೆದಿದೆ. ನಾನು ಬರೆದದ್ದನ್ನು ಓದಿ ನಮ್ಮ ಮುಖ್ಯಸ್ಥೆ ಕನ್ನಡಕ ತೆಗೆದಿಟ್ಟರು. "ಇಂಥದ್ದು ಕಲ್ಪಿಸಿ ಬರೆಯಲು ಆಗುವುದಿಲ್ಲ" ಅಂದರು.

ಅಕ್ಕ


ಏಪ್ರಿಲ್ 1

ಅಕ್ಕಾ,

ಇಲ್ಲಿ ಎಲ್ಲ ಹಾಳಾಗಿದೆ.

ಎರಡನೇ ನೋಟಿಸ್ ಬಂತು. ಈ ಸಲ ಫೋಟೊ ಇಲ್ಲ, ಬಣ್ಣ ಇಲ್ಲ. ನಗಲು ಅಂತ ಎಲ್ಲ ಸೇರಿದ್ದರು, ಹಾರ್ನ್ ಓದಲು ಶುರು ಮಾಡಿದಳು, ಅರ್ಧಕ್ಕೆ ಅವಳ ನಗು ನಿಂತಿತು. ಪ್ರತಿಯನ್ನು ಜೊತೆಗೆ ಇಟ್ಟಿದ್ದೇನೆ, ಆದರೂ ಇಲ್ಲಿ ಬರೆಯುತ್ತೇನೆ:

"ಒಬ್ಬ ಹಿರಿಯ ಸಹೋದ್ಯೋಗಿಯ ಮೊಣಕಾಲು ಸೋತಾಗ ಅವರ ಸರದಿಯನ್ನು ಕಿರಿಯರು ಸದ್ದಿಲ್ಲದೆ ಹೊತ್ತುಕೊಳ್ಳುತ್ತಾರೆ. ಆ ಹಿರಿಯರ ಮಾನ ಉಳಿಯಲೆಂದು ತಮ್ಮ ಕೈಯ ಮಣ್ಣನ್ನು ಅವರ ಮೊಣಕಾಲಿಗೆ ಹಚ್ಚುತ್ತಾರೆ. ಇದನ್ನು ಯಾವ ಸಂಘ ಕಲಿಸಿತು? ಯಾವ ಒಪ್ಪಂದದಲ್ಲಿ ಇದು ಬರೆದಿದೆ? ಮನೆಯವರ ನಡುವೆ ಮೂರನೆಯವರು ಬೇಕೆ? ಯೋಚಿಸಿ ಮತ ನೀಡಿ. ಇಂತಿ, ಆಡಳಿತ ಮಂಡಳಿ."

ನಿಜ ಹೇಳಲೇ? ಓದಿದ ಕೂಡಲೇ ಕೆಲವರು ಅದನ್ನು ಇಸಿದುಕೊಂಡು ಮತ್ತೆ ಓದಿದರು. ಬೇರೆ ತಂಡದವನೊಬ್ಬ "ಪರವಾಗಿಲ್ಲ, ನಮ್ಮನ್ನೂ ಮನುಷ್ಯರು ಅಂದುಕೊಂಡಿದ್ದಾರೆ" ಅಂದ. ಅವನ ಓಟು ಆಗಲೇ ಜಾರಿತು. ನಾವು ಮಾತ್ರ ಮಾವನ ಮುಖ ನೋಡಿದೆವು. ಮಾವ ತಮ್ಮ ಮೊಣಕಾಲು ನೋಡಿಕೊಂಡರು.

ಕಂಪನಿಯ ನೋಟಿಸನ್ನು ಕಂಪನಿಯ ಸುರಕ್ಷತಾ ವಿಭಾಗದವರೇ ಓದಿದ್ದಾರೆ. ಯಾರು ಆ ಹಿರಿಯ, ಅವನಿಗೆ ಏನಾದರೂ ಆದರೆ ಜವಾಬ್ದಾರಿ ಯಾರದು ಅಂತ ಎಲ್ಲ ನಿಲ್ದಾಣಗಳಿಗೂ ಆದೇಶ ಬಂತು. ವಯಸ್ಸಾದವರೆಲ್ಲ ತಮ್ಮ ಸರದಿಯನ್ನು ತಾವೇ ಮಾಡಬೇಕು, ಸೂಪರ್‌ವೈಸರ್ ಬಾಗಿಲಲ್ಲೇ ನಿಂತು ನೋಡಬೇಕು. ಸೋಮವಾರ ಮಾವ ಹೊಟ್ಟೆಗೆ ಹೋದರು. "ಹಳೇ ಮನೆ ನೋಡ್ಕೊಂಡು ಬರ್ತೀನಿ" ಅಂತ ನಗುತ್ತಾ ಹೋದರು. ಇಳಿಯುವಾಗಲೂ ನಗುತ್ತಿದ್ದರು, ಆದರೆ ಕೆಳತುಟಿ ಕಚ್ಚಿಕೊಂಡು ರಕ್ತ ಬಂದಿತ್ತು.

ಈಗ ಒಂದೇ ಪ್ರಶ್ನೆ. ಹೇಳಿದ್ದು ಯಾರು? ಮಣ್ಣು ಹಚ್ಚುವ ವಿಷಯ ನಮಗೆ ಬಿಟ್ಟರೆ ಹಾರ್ನಿಗೆ ಮಾತ್ರ ಗೊತ್ತು. ಹೋದ ತಿಂಗಳು ಅವಳು ಮ್ಯಾನೇಜರ್ ಕೋಣೆಯಿಂದ ಬರುವುದನ್ನು ಒಬ್ಬ ನೋಡಿದ್ದಾನೆ. ಸಭೆಗೆ ಹಾಲ್ ಕೇಳಲು ಹೋಗಿದ್ದೆ ಅನ್ನುತ್ತಾಳೆ. ನೀನು ಬರೆಯುವವಳು, ನಿನಗೆ ಗೊತ್ತಾಗುತ್ತದೆ. ಓದಿ ಹೇಳು ಅಕ್ಕಾ, ಇದು ಯಾರ ಬಾಯಿಂದ ಬಂದ ಮಾತು?

ತಮ್ಮ


ಏಪ್ರಿಲ್ 7

ಕಡ್ಡಿ,

ನೋಟಿಸ್ ಓದಿದೆ. ಯಾರ ಬಾಯಿಂದ ಬಂದದ್ದು ಅಂತ ಹೇಳುವುದು ಕಷ್ಟ. ಇಂಥ ಮಾತು ಹೇಗೆ ಹೇಗೋ ಹರಡುತ್ತದೆ, ಗೋಡೆಗೂ ಕಿವಿ ಇರುತ್ತದೆ. ಬರೆದವರಿಗೆ ಕೆಟ್ಟ ಉದ್ದೇಶ ಇದ್ದ ಹಾಗೆ ಕಾಣುವುದಿಲ್ಲ. ಹೊಗಳಿಯೇ ಬರೆದಿದ್ದಾರೆ ಅಲ್ಲವೇ?

ನೀನು ಇದರ ಬೆನ್ನು ಹತ್ತಬೇಡ. ಯಾರ ಮೇಲೂ ಬೆರಳು ತೋರಿಸಬೇಡ. ಮಾವನಿಗೆ ರಜೆ ಹಾಕಲು ಹೇಳು, ದಯವಿಟ್ಟು ಹೇಳು. ಅವರನ್ನು ಒಳಗೆ ಹೋಗಲು ಬಿಡಬೇಡ.

ನನಗೂ ಇಲ್ಲಿ ಮೈ ಸರಿ ಇಲ್ಲ. ಉದ್ದ ಬರೆಯಲು ಆಗುತ್ತಿಲ್ಲ.

ಅಕ್ಕ


ಏಪ್ರಿಲ್ 14

ಅಕ್ಕಾ,

ನಿನ್ನ ಕಾಗದ ಇವತ್ತು ಬಂತು. ತಡವಾಯಿತು.

ಶುಕ್ರವಾರ ಮಾವ ಮತ್ತೆ ಒಳಗೆ ಹೋದರು. ರಜೆ ಹಾಕಿ ಅಂತ ನಾವೂ ಹೇಳಿದ್ದೆವು. "ರಜೆ ಹಾಕಿದ್ರೆ ನಾನೇ ಅಂತ ಬರೆದುಕೊಟ್ಟ ಹಾಗೆ" ಅಂದರು. ತುಂಬಿದ ವಿಮಾನ. ಬೆಲ್ಟಿನ ಮೇಲೆ ಬ್ಯಾಗುಗಳು ಹೋಗುತ್ತಲೇ ಇದ್ದವು, ಒಳಗಿನಿಂದ ಜೋಡಿಸುವ ಸದ್ದು ನಿಂತಿತು. ಸೂಪರ್‌ವೈಸರ್ "ಬೇಗ ಬೇಗ" ಅಂತ ಒಳಗೆ ಟಾರ್ಚ್ ಬಿಟ್ಟ. ನಾನು ಹತ್ತಿ ನೋಡಿದರೆ ಮಾವ ಬ್ಯಾಗುಗಳ ನಡುವೆ ಮಂಡಿಯೂರಿದ ಹಾಗೇ ಪಕ್ಕಕ್ಕೆ ಬಿದ್ದಿದ್ದರು, ಕಾಲು ಬಿಡಿಸಲು ಬರಲಿಲ್ಲ. ಒಂದು ದೊಡ್ಡ ಪೆಟ್ಟಿಗೆ ಜಾರಿ ಅವರ ಮಂಡಿಯ ಮೇಲೆ ಕೂತಿತ್ತು.

ಆ ಕಿಂಡಿಯಿಂದ ಮನುಷ್ಯನನ್ನು ಎತ್ತಿ ಇಳಿಸಲು ಬೇರೆ ದಾರಿ ಇಲ್ಲ ಅಕ್ಕಾ. ಬೆಲ್ಟನ್ನು ಹಿಂದಕ್ಕೆ ಓಡಿಸಿ ಅದರ ಮೇಲೆ ಮಲಗಿಸಿ ಇಳಿಸಿದೆವು. ಕಿಟಕಿಗಳಿಂದ ಪ್ರಯಾಣಿಕರು ನೋಡುತ್ತಿದ್ದರು. ಮಾವ ಮುಖದ ಮೇಲೆ ಟೋಪಿ ಮುಚ್ಚಿಕೊಂಡರು. ವಿಮಾನ ಹೆಚ್ಚು ತಡವಾಗದೆ ಹೊರಟಿತು.

ಇನ್ನು ಆ ಕಾಲಲ್ಲಿ ನಡೆಯುವುದು ಅನುಮಾನ ಅಂತ ಡಾಕ್ಟರು ಅಂದಿದ್ದಾರೆ. ಕಂಪನಿಯ ಕಾಗದವೂ ಬಂತು. ಕಾಯಿಲೆ ಮುಚ್ಚಿಟ್ಟಿದ್ದರಿಂದ ಆದದ್ದು, ಹಾಗಾಗಿ ಕಂಪನಿ ಹೊಣೆಯಲ್ಲ. ಮಾವನ ಕಾರ್ಡೂ ಹೋಯಿತು, ಅತ್ತೆಯ ಆಸ್ಪತ್ರೆಯೂ ಹೋಯಿತು.

ಮರುದಿನ ವಿಶ್ರಾಂತಿ ಕೋಣೆಯಲ್ಲಿ ಎಲ್ಲರೆದುರು ನಾನೇ ಎದ್ದು ನಿಂತೆ. "ಉಂಡ ಮನೆಗೆ ಎರಡು ಬಗೆದವಳು ಇಲ್ಲೇ ಕೂತಿದ್ದಾಳೆ" ಅಂದೆ. ಹಾರ್ನ್ ನನ್ನನ್ನು ನೋಡಿದಳು. ಅಷ್ಟು ಬಾಯಿ ಇರುವವಳು ಒಂದೇ ಮಾತು ಆಡಿದಳು: "ನೀನೂನಾ?" ಅವತ್ತಿನಿಂದ ಅವಳ ಟ್ರಾಲಿಗೆ ಯಾರೂ ಬ್ಯಾಗು ಇಡಲಿಲ್ಲ. ಅವಳು ಕಾರ್ಗೋ ಕಡೆಗೆ ವರ್ಗ ಬರೆಸಿಕೊಂಡು ಹೋದಳು. ಯೂನಿಯನ್ನಿನ ಕೆಲಸ ಈಗ ಯಾರೂ ಮಾಡುತ್ತಿಲ್ಲ. ಓಟಿಗೆ ಇನ್ನು ಒಂದು ವಾರವೂ ಇಲ್ಲ.

ಮಾವನ ಮುಖ ನೆನಪಾದರೆ ಅವಳನ್ನು ಕೊಂದುಬಿಡೋಣ ಅನ್ನಿಸುತ್ತದೆ.

ತಮ್ಮ


ಏಪ್ರಿಲ್ 18

ತಮ್ಮಾ,

ನಿನ್ನ ಕಾಗದ ಈಗ ತಾನೇ ಬಂತು, ಈ ಸಲ ಬೇಗ ಬಂದಿದೆ. ನಿಂತೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬೇಸರ ಮಾಡಿಕೊಳ್ಳಬೇಡ.

ಆ ಹುಡುಗಿ ಅಲ್ಲ. ನಾನು.

ನಿನ್ನ ಕಂಪನಿಯ ಕೆಲಸ ನಮ್ಮ ಆಫೀಸಿಗೆ ಬಂದದ್ದು ಫೆಬ್ರವರಿ ಕೊನೆಯಲ್ಲಿ. ಹೆಸರು ನೋಡಿದ ಕೂಡಲೇ ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ನನಗೆ ಸಂಘದ ಮೇಲೆ ಇರುವ ಸಿಟ್ಟು ನಿನಗೆ ಗೊತ್ತು. ನೀನೂ ಹೊಸ್ತಿಲ ಮೇಲೆ ಕೂರುವ ಹಾಗಾಗಬಾರದು ಅಂದುಕೊಂಡೆ. ನಿನ್ನನ್ನು ಕಾಪಾಡುತ್ತಿದ್ದೇನೆ ಅಂದುಕೊಂಡೇ ಬರೆದೆ. ಹೆಸರು ಹಾಕಿರಲಿಲ್ಲ, ಊರು ಹಾಕಿರಲಿಲ್ಲ. ಹೀಗೆ ಹೊಗಳಿ ಅಚ್ಚು ಹಾಕಿಸಿದ ಮೇಲೆ ಆ ಮನುಷ್ಯನನ್ನು ತೆಗೆದುಹಾಕಲು ಕಂಪನಿಗೆ ಮುಖ ಬರುವುದಿಲ್ಲ ಅಂತ ನಂಬಿದ್ದೆ. ನನ್ನ ಮಾತನ್ನು ನಾನೇ ನಂಬಿದ್ದೆ ಕಣೋ.

ಮಾರ್ಚ್ ಎರಡರ ಕಾಗದದಲ್ಲಿ ನಿನ್ನ ಕೆಲಸದ ಬಗ್ಗೆ ಕೇಳಿದ್ದು ಪ್ರೀತಿಯಿಂದಲೂ ಹೌದು. ಅದೊಂದನ್ನು ಮಾತ್ರ ನಂಬು.

ಇದನ್ನು ಈಗಲೇ ಅಂಚೆಗೆ ಹಾಕುತ್ತೇನೆ.

ಅಕ್ಕ


ಏಪ್ರಿಲ್ 29

ಅಕ್ಕಾ,

ನಿನ್ನ ಕಾಗದ ಇಪ್ಪತ್ತೈದಕ್ಕೆ ತಲುಪಿತು. ಓಟು ಇಪ್ಪತ್ತಕ್ಕೇ ಮುಗಿದಿತ್ತು. ಸೋತೆವು. ಮ್ಯಾನೇಜರ್ ಎಲ್ಲರಿಗೂ ಕೇಕ್ ಹಂಚಿದ.

ನಾಲ್ಕು ದಿನ ನಾನು ಬರೆಯಲಿಲ್ಲ. ಮೊದಲ ದಿನ ನಂಬಲಿಲ್ಲ. ಎರಡನೆಯ ದಿನ ನೋಟಿಸನ್ನೂ ನಿನ್ನ ಹಳೆಯ ಕಾಗದಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ಅಲ್ಲಿದ್ದದ್ದು ನಿನ್ನ ಧ್ವನಿಯೇ. ನನಗೆ ಗೊತ್ತಾಗಲಿಲ್ಲವಲ್ಲ ಅಂತ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಂಡೆ.

ಒಂದು ಕೇಳುತ್ತೇನೆ. ಹದಿನೆಂಟಕ್ಕೆ ನಿನ್ನ ಕೈಯಲ್ಲಿ ಫೋನಿತ್ತು. ಜಗಳ ಆಡುತ್ತಿದ್ದೆವು, ನಿಜ. ಆದರೆ ಹಾರ್ನ್ ಅಲ್ಲ ಅಂತ ಒಂದೇ ಮಾತು ಹೇಳಿದ್ದರೆ ಅವತ್ತೇ ನಾನು ಅವಳ ಕಾಲು ಹಿಡಿದು ಕರೆದುಕೊಂಡು ಬರುತ್ತಿದ್ದೆ, ಇನ್ನೂ ಎರಡು ದಿನ ಇತ್ತು. ನೀನು ಕಾಗದ ಬರೆದೆ. ಅಂಚೆಗೆ ಒಂದು ವಾರ ಬೇಕು ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇದಕ್ಕೆ ಉತ್ತರ ಬರೆಯಬೇಡ. ನನಗೆ ಗೊತ್ತಿದೆ, ನಿನಗೂ ಗೊತ್ತಿದೆ.

ಕೋತಿ ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗಾಯಿತು. ಒರೆಸಿದವನು ನಾನು. ಹಾರ್ನನ್ನು ಇನ್ನೂ ಯಾರೂ ಮಾತಾಡಿಸುವುದಿಲ್ಲ. ನಾನು ಬಾಯಲ್ಲಿ ಹೇಳಿದರೆ, ಅವಳ ಮೇಲೆ ಮನಸ್ಸಾಗಿ ಕಥೆ ಕಟ್ಟುತ್ತಿದ್ದಾನೆ ಅಂತ ನಗುತ್ತಾರೆ. ಅದಕ್ಕೆ ನೀನು ಒಂದು ಕೆಲಸ ಮಾಡು. ನಮ್ಮ ತಂಡಕ್ಕೆ ಒಂದು ಕಾಗದ ಬರಿ. ಬರೆದದ್ದು ನಾನು, ತಿಳಿದದ್ದು ತಮ್ಮನಿಂದ, ಆ ಹುಡುಗಿಯದ್ದು ಏನೂ ತಪ್ಪಿಲ್ಲ ಅಂತ ಬರಿ. ಕೆಳಗೆ ಹೆಸರು ಹಾಕು. ಪರಿಹಾರಕ್ಕೆ ಹಾಕಬೇಕೆಂದಿರುವ ಮಾವನ ಕೇಸಿಗೂ ಅದು ಬೇಕು. ಕಂಪನಿಗೆ ಮೊದಲೇ ಗೊತ್ತಿತ್ತು, ಹೊಗಳಿ ಅಚ್ಚು ಹಾಕಿಸಿಯೂ ಒಳಗೆ ತಳ್ಳಿದರು ಅಂತ ವಕೀಲರು ಹೇಳಬಹುದಂತೆ. ಬರೆದವರು ಯಾರು ಅಂತ ಗೊತ್ತಿದ್ದರೆ.

ಇದೊಂದು ಮಾಡು. ಬೇರೆ ಏನೂ ಕೇಳುವುದಿಲ್ಲ.

ತಮ್ಮ


ಮೇ 8

ಪ್ರೀತಿಯ ಕಡ್ಡಿ,

ನೀನು ಕೇಳಿದ್ದನ್ನು ಬರೆದು ಜೊತೆಗೆ ಇಟ್ಟಿದ್ದೇನೆ. ಹರಿದು ಹಾಕಿ, ಮತ್ತೆ ಬರೆದು, ವಾರವೆಲ್ಲ ಅದರಲ್ಲೇ ಹೋಯಿತು.

ಹೆಸರು ಹಾಕಲು ಆಗಲಿಲ್ಲ. ಕೆಲಸಕ್ಕೆ ಸೇರುವಾಗ ಬರೆದುಕೊಟ್ಟಿದ್ದೇನೆ, ಯಾರಿಗಾಗಿ ಏನು ಬರೆದೆ ಅಂತ ಹೊರಗೆ ಹೇಳುವಂತಿಲ್ಲ. ಹೇಳಿದರೆ ಕೆಲಸ ಮಾತ್ರ ಹೋಗುವುದಿಲ್ಲ, ಬೇರೆ ಯಾರೂ ತೆಗೆದುಕೊಳ್ಳುವುದೂ ಇಲ್ಲ. ಅಮ್ಮನ ಇನ್ನೊಂದು ಕಣ್ಣಿನದ್ದು ಇನ್ನೂ ಆಗಬೇಕು. ಇದು ಬಿಸಿ ತುಪ್ಪ ಕಣೋ, ನುಂಗಲೂ ಆಗದು, ಉಗುಳಲೂ ಆಗದು. ವಿಷಯವನ್ನಂತೂ ಬರೆದಿದ್ದೇನೆ. ನಿನ್ನ ಕೆಲಸಕ್ಕೆ ಇದು ಸಾಕಾಗುತ್ತದೆ ಅಂದುಕೊಳ್ಳುತ್ತೇನೆ.

ನಿನ್ನ ಅಕ್ಕ

(ಜೊತೆಗಿದ್ದ ಹಾಳೆ)

ಸಂಬಂಧಪಟ್ಟವರ ಗಮನಕ್ಕೆ: ಇತ್ತೀಚೆಗೆ ಪ್ರಕಟವಾದ ಸೂಚನೆಯಲ್ಲಿನ ಕೆಲವು ಅಂಶಗಳ ಕುರಿತು ಸಹೋದ್ಯೋಗಿಗಳಲ್ಲಿ ತಪ್ಪು ತಿಳುವಳಿಕೆ ಉಂಟಾಗಿರುವುದು ಗಮನಕ್ಕೆ ಬಂದಿರುತ್ತದೆ. ಸದರಿ ಅಂಶಗಳು ಟ್ರ್ಯಾಕ್ಟರ್ ವಿಭಾಗದ ಯಾವುದೇ ಸಿಬ್ಬಂದಿಯಿಂದ ಪಡೆದವುಗಳಾಗಿರುವುದಿಲ್ಲ. ಇದರಿಂದ ಯಾರಿಗಾದರೂ ನೋವಾಗಿದ್ದಲ್ಲಿ ವಿಷಾದಿಸಲಾಗುತ್ತದೆ.


ಮೇ 17

ಅಕ್ಕಾ,

ನೀನು ಕಳಿಸಿದ ಹಾಳೆಯನ್ನು ಭಾನುವಾರ ಮಾವನ ಮನೆಯಲ್ಲಿ ಓದಿದೆ. ಮಾವ ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ, ಅದಕ್ಕೆ ತಂಡದವರನ್ನೆಲ್ಲ ಅಲ್ಲಿಗೇ ಕರೆದಿದ್ದೆ. ಹಾರ್ನಿನ ಮನೆಗೂ ಹೋಗಿ ಕರೆದೆ. ಬಾಗಿಲು ಪೂರ್ತಿ ತೆರೆಯದೆ ಮಾತಾಡಿದಳು, ಆದರೆ ಬಂದಳು. ಸಣ್ಣ ಕೋಣೆ, ಕೂರಲು ಜಾಗ ಇರಲಿಲ್ಲ, ಅವಳು ಕಿಟಕಿಯ ಹತ್ತಿರ ನಿಂತಳು. ಅತ್ತೆ ಒಳಗೆ ಮಲಗಿದ್ದರು.

ಓದಿ ಮುಗಿಸಿದೆ. ಯಾರಿಗೂ ಏನೂ ಅರ್ಥವಾಗಲಿಲ್ಲ. "ವಿಷಾದಿಸಲಾಗುತ್ತದೆ ಅಂದ್ರೆ ಯಾರು ವಿಷಾದಿಸ್ತಿರೋದು?" ಅಂತ ಒಬ್ಬ ಕೇಳಿದ. ಹಾರ್ನ್ ಕೈ ಚಾಚಿ ಹಾಳೆ ತೆಗೆದುಕೊಂಡಳು, ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಸಹಿ ಎಲ್ಲಿ?" ಅಂದಳು.

ಆಗ ಹೇಳಿದೆ. ಎಲ್ಲ ಹೇಳಿದೆ. ನಾನು ಯಾವ ದಿನ ಏನು ಬರೆದೆ, ನೀನು ಏನು ಕೇಳಿದೆ, ಯಾಕೆ ಕೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಯಾರೂ ಬೈಯಲಿಲ್ಲ. ಒಬ್ಬ ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದ. ಮಾವ ಸೂರು ನೋಡುತ್ತಾ ಮಲಗಿದ್ದರು. ಹಾಗೇ ಹೇಳಿದರು, "ನೋಟಿಸು ಬರ್ದಿದ್ದು ಚೆನ್ನಾಗೇ ಇತ್ತು ಕಣೋ. ಮನೆಯವಳಿಗೆ ಎರಡು ಸಲ ಓದಿ ಹೇಳಿದ್ದೆ, ನೋಡು, ನನ್ನ ಬಗ್ಗೆನೇ ಬರ್ದಿದ್ದಾರೆ ಅಂತ. ಹೆಸರಿದ್ದಿದ್ರೆ ಒಂದು ಕಾಗದ ಬರೀತಿದ್ದೆ ಅವರಿಗೆ."

ಆಮೇಲೆ ಗೋಡೆ ಕಡೆ ತಿರುಗಿಕೊಂಡರು. ಕಾಲು ತಿರುಗಲಿಲ್ಲ, ಮುಖ ಮಾತ್ರ ತಿರುಗಿತು.

ಹೆಸರಿಲ್ಲದ ಹಾಳೆ ಕಸ ಅಂತ ವಕೀಲರು ಹೇಳಿದ್ದು ನನಗೆ ಗೊತ್ತಿತ್ತು. ಹಾರ್ನಿನ ಕೈಯಿಂದ ಅದನ್ನು ಇಸಿದುಕೊಂಡೆ, ಪೆನ್ನು ಕೇಳಿದೆ, ಕೆಳಗೆ ನನ್ನ ಹೆಸರು ಬರೆದೆ. ಊರು ಬರೆದೆ, ತಾರೀಖು ಹಾಕಿದೆ. ಹಾರ್ನ್ ನೋಡುತ್ತಿದ್ದಳು. "ಇದು ನೀನು ಬರೆದಿದ್ದಲ್ಲವಲ್ಲ" ಅಂದಳು.

"ನಮ್ಮನೇದು" ಅಂದೆ.

ಅವಳು ಹಾಳೆ ಮಡಚಿ ಜೇಬಿಗೆ ಹಾಕಿಕೊಂಡಳು. ಇದನ್ನು ಏನು ಮಾಡುತ್ತಾಳೋ ಗೊತ್ತಿಲ್ಲ, ಕೇಳುವ ಹಕ್ಕು ನನಗಿಲ್ಲ. ಆ ಕೋಣೆಯ ಮಾತು ಮೇಲಿನವರಿಗೂ ಮುಟ್ಟಿದೆ, ಕಂಪನಿಯ ಗುಟ್ಟು ಹೊರಗೆ ಹಾಕಿದ್ದಕ್ಕೆ ನನ್ನನ್ನು ತೆಗೆಯಬಹುದು ಅಂತ ಸೂಪರ್‌ವೈಸರ್ ಆಗಲೇ ಹೇಳಿಕೊಂಡು ತಿರುಗುತ್ತಿದ್ದಾನೆ. ತೆಗೆಯಲಿ.

ಅಮ್ಮನನ್ನು ಚೆನ್ನಾಗಿ ನೋಡಿಕೋ. ಇನ್ನೊಂದು ಕಣ್ಣು ಬೇಗ ಮಾಡಿಸು. ನಾನು ಚೆನ್ನಾಗಿದ್ದೇನೆ ಅಂತ ಹೇಳು.

ಮಾವನ ಮನೆಯ ವಿಳಾಸವನ್ನು ಈ ಕಾಗದದ ಹಿಂದೆ ಬರೆದಿದ್ದೇನೆ. ನಿನ್ನ ಹೆಸರು ಹಾಕಿ ಅವರಿಗೆ ಒಂದು ಕಾಗದ ಬರೆದರೆ, ಆಮೇಲೆ ನನಗೂ ಬರಿ. ಅಲ್ಲಿಯವರೆಗೆ ಬರೆಯಬೇಡ.